ಹನಮವ್ವನ ಎರಡು ಬೆರಳು

ಮುದ್ದೇಬಿಹಾಳದ ಹೊರಗಿರುವ ಸುಣ್ಣದಕಲ್ಲಿನ ಪುಡಿ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಜರಡಿ ಕಾಯ್ದವಳು ಹನಮವ್ವ. ಗಡಗಡ ನಡುಗುವ ಆ ದೊಡ್ಡ ಯಂತ್ರದಿಂದ ಇಳಿದ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಜರಡಿಯ ತಂತಿ ಜಾಳಿಗೆ ಹರಿದಿದೆಯೋ, ಹಸಿ ಧೂಳು ಕಟ್ಟಿ ತೂತು ಮುಚ್ಚಿದೆಯೋ ಹೇಳಿಬಿಡುತ್ತಿದ್ದಳು. ಅಂಥವಳನ್ನು ಕೆಳಗೆ ಪುಡಿ ತುಂಬಿದ ಚೀಲದ ಬಾಯಿ ಹೊಲಿಯಲು ಕಳಿಸಿ, ಇಂಡಿ ಊರಿನಿಂದ ಬಂದ, ಐಟಿಐ ಓದಿದ ಭಾಗ್ಯಜ್ಯೋತಿಯನ್ನು ಮೇಲೆ ಜರಡಿಯ ಬಳಿ ನಿಲ್ಲಿಸಿದರು.

ಹನಮವ್ವನಿಗೆ ಹೊಟ್ಟೆ ಉರಿಯಿತು. ಹುಡುಗಿ ಸೊಕ್ಕಿನವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವಳೋ ಊಟದ ಹೊತ್ತಿಗೆ ಚಿಕ್ಕಮ್ಮನನ್ನು ಕರೆದಂತೆ "ಕಾಕು" ಎನ್ನುತ್ತ ಪಕ್ಕಕ್ಕೇ ಬಂದು ಕೂತು ಶೇಂಗಾ ಚಟ್ನಿ ಹಾಕುತ್ತಿದ್ದಳು. ಒಮ್ಮೆ ಎಡವಲಿ ಇವಳು, ಒಂದೇ ಸಲ ಸಾಕು, ನನ್ನ ಜಾಗ ನನಗೆ ಬರುತ್ತದೆ ಎಂದು ಹನಮವ್ವ ಚಟ್ನಿ ನೆಕ್ಕುತ್ತಲೇ ಬೇಡಿಕೊಂಡಳು.

ಬುಧವಾರ ಅದೂ ಆಯಿತು. ಚೀಲದ ಬಾಯಿ ಹಿಡಿದಾಗ ಬೆರಳಿಗೆ ತರಿ ಸಿಕ್ಕಿತು. ಜಾಳಿಗೆ ಹರಿದಿದೆ, ಅನುಮಾನವೇ ಇಲ್ಲ. ಮೇಲಕ್ಕೊಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಮಧ್ಯಾಹ್ನದವರೆಗೆ ಚೀಲದ ಮೇಲೆ ಚೀಲ ಹೊಲಿದಳು. ಅಷ್ಟು ಹುರುಪಿನಿಂದ ಅವಳು ಎಂದೂ ಹೊಲಿದಿರಲಿಲ್ಲ.

ಲ್ಯಾಬಿನಿಂದ ತರಿಯ ಸುದ್ದಿ ಬಂದದ್ದೇ ಸೂಪರ್‌ವೈಸರ್ ಶ್ರೀಶೈಲಪ್ಪ ಭಾಗ್ಯಜ್ಯೋತಿಯನ್ನು ಕೆಳಗೆ ಕರೆದು ಎಲ್ಲರೆದುರು ದಬಾಯಿಸಿದ.

"ತಪ್ಪಾಗೇತ್ರಿ," ಎಂದಳು ಹುಡುಗಿ. "ಮುಂಜಾನೆ ಜಾಳಿಗಿ ಸರಿ ಇತ್ತು. ಆಮ್ಯಾಲ ನಾ ನೋಡಲಿಲ್ಲ. ಕೆಳಗ ಕಾಕು ಅದಾರ, ತರಿ ಬಂದ್ರ ಅವರ ಕೈಗೆ ಗೊತ್ತಾಗದ ಇರೂದಿಲ್ಲ ಅಂತ ಧೈರ್ಯದಾಗಿದ್ದೆ."

ಶ್ರೀಶೈಲಪ್ಪ ಇತ್ತ ತಿರುಗಿದ. "ಯಾಕವಾ ಹನಮವ್ವ, ಮುಂಜಾನಿಂದ ನೀನ ಹೊಲಿಯಾಕತ್ತೀದಿ. ನಿನಗ ಗೊತ್ತಾಗಲಿಲ್ಲೇನು?"

ಗೊತ್ತಾಗಿತ್ತು ಎಂದರೆ ಹೊಟ್ಟೆಕಿಚ್ಚು ಹತ್ತು ಮಂದಿಯೆದುರು ಬಯಲಿಗೆ ಬೀಳುತ್ತದೆ. ಗೊತ್ತಾಗಲಿಲ್ಲ ಎನ್ನೋಣವೆಂದರೆ, ಹಳೆಯ ಜಾಗ ಕೇಳಲು ಅವಳ ಹತ್ತಿರ ಇದ್ದದ್ದು ಆ ಎರಡು ಬೆರಳು ಮಾತ್ರ.

"ಇಲ್ರಿ ಸಾಹೇಬ್ರ, ಗೊತ್ತಾಗಲಿಲ್ಲ."

ಅವನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. "ಇರಲಿ ಬಿಡವಾ, ವಯಸ್ಸಾತು," ಎಂದವನು, ಚೀಲ ಬಿಚ್ಚಿ ಪುಡಿಯನ್ನು ಮತ್ತೆ ಜರಡಿಗೆ ಹಾಕಲು ಹೇಳಿ ಹೊರಟ.

ಭಾಗ್ಯಜ್ಯೋತಿ ಬಂದು ಪಕ್ಕದಲ್ಲಿ ಕೂತಳು. "ಮನಸಿಗೆ ಹಚ್ಕೋಬ್ಯಾಡ್ರಿ ಕಾಕು. ಇನ್ನ ಮ್ಯಾಲ ತಾಸಿಗೊಮ್ಮೆ ನಾನ ಇಳದು ಬಂದು ಪುಡಿ ಮುಟ್ಟಿ ನೋಡ್ತೇನಿ. ಹೆಂಗ ತಿಕ್ಕಬೇಕು, ಅದೊಂದು ಹೇಳಿಕೊಡ್ರಿ."