ಕಪ್ಪು ಅಂಚಿನ ಮೇಲ್

ನನ್ನ ತಮ್ಮ ವೆಲಿಸ್ಲಾವ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ಒಂದು ಬೆಳಿಗ್ಗೆ. ಒಲೆಯ ಮೇಲೆ ಕಾಳು ಬೇಯಲಿಟ್ಟು ಚರ್ಚಿಗೆ ಹಾಡಲು ಹೊರಡುವವನಿದ್ದೆ. ಬಾಗಿಲು ತೆರೆದರೆ ರಾಲಿತ್ಸಾ ನಿಂತಿದ್ದಳು. ತಮ್ಮನ ಕಂಪನಿಯಲ್ಲಿ ಅವನನ್ನು ಬಿಟ್ಟರೆ ಇದ್ದವಳು ಆ ಹುಡುಗಿ ಒಬ್ಬಳೇ; ನನ್ನನ್ನು ಸಲಿಗೆಯಿಂದ ಚಿಕ್ಕಪ್ಪ ಎನ್ನುತ್ತಿದ್ದಳು. ಅವಳ ಕೈಯಲ್ಲಿ ಅವನ ಕನ್ನಡಕವಿತ್ತು.

"ಚಿಕ್ಕಪ್ಪ, ಕೂತ್ಕೊಳ್ಳಿ."

"ಏನಾಯ್ತು ಹೇಳು."

"ಮೊದ್ಲು ಕೂತ್ಕೊಳ್ಳಿ ಅಂದೆ."

ನಾನು ಕೂರಲಿಲ್ಲ. ಕನ್ನಡಕವಿಲ್ಲದೆ ಅವನು ಒಂದು ಹೆಜ್ಜೆಯೂ ಇಡುವವನಲ್ಲ. ಅದನ್ನು ಬೇರೆಯವರ ಕೈಯಲ್ಲಿ ನೋಡಿದ ಮೇಲೆ ತಿಳಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಆಫೀಸಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಹಾಗೆಯೇ ಹೋಗಿಬಿಟ್ಟಿದ್ದ. ಹೃದಯ ನಿಂತಿತ್ತು. ಎದುರಿನ ಪರದೆಯಲ್ಲಿ ಶುರುಮಾಡಿದ್ದ ಒಂದು ಮೇಲ್ ಇತ್ತು. "ಮಾನ್ಯರೇ, ನಿಮಗೆ ನನ್ನ ಪರಿಚಯವಿಲ್ಲ. ನಾನೊಬ್ಬ ವೈದ್ಯ" ಎಂಬಲ್ಲಿಗೆ ನಿಂತಿತ್ತು.

ಅವನು ಆಂಬುಲೆನ್ಸ್ ವೈದ್ಯನಾಗಿದ್ದವನು. ಪ್ಲೋವ್‌ದಿವ್‌ ನಗರದಿಂದ ರೊದೋಪಿ ಬೆಟ್ಟದ ಹಳ್ಳಿಗಳಿಗೆ ಹೊತ್ತು ಮೀರಿ ತಲುಪಿ, ತಣ್ಣಗಾದ ಮೈಗಳನ್ನು ಮುಟ್ಟಿ ಮುಟ್ಟಿ ಬೇಸತ್ತಿದ್ದ. ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು ರಾಲಿತ್ಸಾಳ ಜೊತೆ ಒಂದು ಎದೆಪಟ್ಟಿ ಮಾಡಿದ. ಕಟ್ಟಿಕೊಂಡವರ ಎದೆಬಡಿತ ತಪ್ಪಿದರೆ ಪಟ್ಟಿ ತಾನೇ ವೈದ್ಯರ ಫೋನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕೈಯಲ್ಲಿದ್ದ ಹಣದಲ್ಲಿ ಮಾಡಲಾದಷ್ಟು ಪಟ್ಟಿಗಳನ್ನು ಮಾಡಿ, ಬೆಟ್ಟದ ಒಂದು ಹಳ್ಳಿಯ ಮುದುಕರಿಗೆ ಕಟ್ಟಿದ. ಹಣ ಮುಗಿಯಿತು. ಆಮೇಲೆ ಅವನ ಕೆಲಸವೆಂದರೆ ಹೂಡಿಕೆದಾರರಿಗೆ ಮೇಲ್ ಬರೆಯುವುದು: ರಾಜಧಾನಿ ಸೋಫಿಯಾದವರಿಗೆ, ವಿಯೆನ್ನಾದವರಿಗೆ, ಎಂದೂ ಮುಖ ನೋಡದವರಿಗೆ.

ನಾನು ಶಾಲೆಯಲ್ಲಿ ಭಾಷೆ ಕಲಿಸಿದವನು. ಬರೆದದ್ದನ್ನು ನನಗೆ ಓದಿ ಹೇಳುತ್ತಿದ್ದ.

"'ನಿಮ್ಮ ಅಮೂಲ್ಯ ಸಮಯ' ಅಂತ ಬರ್ದಿದ್ದೀಯಲ್ಲೋ, ನಿನ್ನ ಸಮಯ ಏನು ಬಿಟ್ಟಿ ಬಿದ್ದಿದ್ಯಾ?"

"ಅಣ್ಣ, ಬೇಡೋನ ಸಮಯಕ್ಕೆ ಎಲ್ಲಿಯ ಬೆಲೆ? ನೀನು ಬೆಳಗಾದ್ರೆ ದೇವರ ಹತ್ರ ಬೇಡ್ತೀಯ, ನಾನು ಸೋಫಿಯಾದೋರ ಹತ್ರ ಬೇಡ್ತೀನಿ. ಇಬ್ರಿಗೂ ಉತ್ತರ ಬರಲ್ಲ. ಕಸುಬು ಒಂದೇ."

"ಬಾಯಿ ಮುಚ್ಚೋ. ಉಪವಾಸದ ದಿನ ಇದು."

ಅವನು ನಗುತ್ತಿದ್ದ. ಉತ್ತರ ಬಾರದಿದ್ದರೆ ವಾರ ಬಿಟ್ಟು ಮತ್ತೊಂದು ಮೇಲ್, ಇನ್ನೊಂದು ವಾರಕ್ಕೆ ಕೊನೆಯದು. ಮೂರು ಸಲಕ್ಕಿಂತ ಹೆಚ್ಚು ಬರೆಯಬಾರದಂತೆ, ಅದು ಆ ಲೋಕದ ಮರ್ಯಾದೆ. ಹೆಚ್ಚಿನವರು ಒಂದು ಸಾಲನ್ನೂ ಬರೆಯಲಿಲ್ಲ.

ಸಾವಿನ ಓಲೆಯನ್ನು ನಾನೇ ಬರೆದೆ. ಕಪ್ಪು ಅಂಚು, ನಡುವೆ ಫೋಟೋ, ಕೆಳಗೆ ಹೆಸರು ಮತ್ತು ನಾಲ್ಕು ಮಾತು. ಮನೆಯ ಗೇಟಿಗೆ, ಚರ್ಚಿನ ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದೆವು. ಹೋಗುವವರು ನಿಂತರು, ಓದಿದರು, "ದೇವರು ಅವನನ್ನು ಕ್ಷಮಿಸಲಿ" ಎಂದು ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ನಡೆದರು.

ಮಣ್ಣು ಮಾಡಿದ ಮೇಲೆ ಒಂದು ಮಧ್ಯಾಹ್ನ ರಾಲಿತ್ಸಾ ನನ್ನ ಅಡುಗೆಮನೆಯಲ್ಲಿ ಬಂದು ಕುಳಿತಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

"ಪಟ್ಟಿಗಳ ಸುದ್ದಿ ಫೋನಿಗೆ ಮುಟ್ಟಿಸೋ ಕಂಪ್ಯೂಟರ್‌ಗೆ ಬಾಡಿಗೆ ಕಟ್ಬೇಕು ಚಿಕ್ಕಪ್ಪ. ಈ ತಿಂಗಳು ಕಳೆದ್ರೆ ಎಲ್ಲಾ ನಿಂತೋಗತ್ತೆ. ಕಟ್ಕೊಂಡೋರ ಎದೆ ಮೇಲೆ ಬರೀ ಬಟ್ಟೆ ಉಳಿಯತ್ತೆ."

"ಮತ್ತೆ ಬರೀ."

"ಬರೀತೀನಿ. ಈ ಸಲ ಡಾಕ್ಟರ ಬಗ್ಗೆ ಬರೀತೀನಿ. ಅವರು ಹೇಗೆ ಹೋದ್ರು ಅಂತ. ಮೊದಲನೇ ಸಾಲಲ್ಲೇ."

ನನ್ನ ಮೈ ಉರಿಯಿತು. "ನನ್ನ ತಮ್ಮನ ಸಾವನ್ನ ಮಾರ್ತೀಯೇನೆ?"

"ಬದುಕಿದ್ದಾಗ ಯಾರೂ ಕೊಳ್ಳಲಿಲ್ಲವಲ್ಲ ಚಿಕ್ಕಪ್ಪ."

ಅವಳು ವ್ಯಂಗ್ಯಕ್ಕೆ ಅಂದದ್ದಲ್ಲ. ಅಂದ ಮೇಲೆ ಅವಳೇ ಅತ್ತಳು. ನಾನೆದ್ದು ಗೋಡೆಯ ಮೇಲಿನ ದೇವರ ಪಟದ ಮುಂದೆ ಉರಿಯುತ್ತಿದ್ದ ದೀಪಕ್ಕೆ ಎಣ್ಣೆ ಹಾಕಿದೆ. ಸಾಯುವ ಹೊತ್ತಿನಲ್ಲೂ ಅವನು ಬೇಡುತ್ತಲೇ ಇದ್ದ. ಆ ಬೇಡಿಕೆಯನ್ನು ಅರ್ಧಕ್ಕೆ ಬಿಡಲು ನಾನು ಯಾರು? "ಬರೀ, ಆದ್ರೆ ಸುಳ್ಳು ಸೇರಿಸ್ಬೇಡ" ಎಂದೆ.

ಅವಳು ಸುಳ್ಳೇನನ್ನೂ ಸೇರಿಸಲಿಲ್ಲ. "ಹೃದಯ ಕಾಯುವ ಪಟ್ಟಿ ಮಾಡಿದ ವೈದ್ಯ ಹೃದಯ ನಿಂತು ತೀರಿಕೊಂಡರು" ಎಂದು ತಲೆಬರಹ ಕೊಟ್ಟಳು. ಅದರ ಕೆಳಗೆ ಚಿತ್ರವೊಂದಿರಲಿ ಎಂದು ನಮ್ಮ ಓಲೆಯ ಚಿತ್ರವನ್ನೇ, ಕಪ್ಪು ಅಂಚಿನ ಸಮೇತ ಹಾಕಿದಳು. ಪಟ್ಟಿಯ ವಿಷಯ, ಹಳ್ಳಿಯ ವಿಷಯ, ಬೇಕಾದ ಹಣ ಎಲ್ಲ ಅದರ ಕೆಳಗೆ. ತಮ್ಮನ ಮೂರೂ ಮೇಲ್‌ಗಳಿಗೆ ಬಾಯಿ ಬಿಡದವರಿಗೂ ಕಳುಹಿಸಿದಳು.

ಉತ್ತರಗಳು ಬಂದವು. ಅವನ ಜೀವಮಾನದಲ್ಲಿ ಬಾರದಷ್ಟು ಬಂದವು. ಮೊದಲ ದಿನ ರಾಲಿತ್ಸಾ ಓಡಿಬಂದು ಓದತೊಡಗಿದಳು.

"'ಸುದ್ದಿ ಕೇಳಿ ತುಂಬಾ ದುಃಖವಾಯಿತು. ದೇವರು ಅವರನ್ನು ಕ್ಷಮಿಸಲಿ.' ಇದು ವಾರ್ನಾದೋರು. 'ಅವರ ಮೇಲಿನ ಮಣ್ಣು ಹಗುರಾಗಿರಲಿ.' ಇದು ಸೋಫಿಯಾ. ಇನ್ನೊಬ್ರು ತಮ್ಮ ಅಪ್ಪ ಸತ್ತ ಕಥೆ ಬರ್ದಿದ್ದಾರೆ, ಇಷ್ಟುದ್ದ."

"ಹಣದ ಮಾತು?"

ಅವಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. "ಕೆಳಗೆ ಬರ್ದಿದ್ದನ್ನ ಒಬ್ರೂ ಓದಿಲ್ವಾ ಚಿಕ್ಕಪ್ಪ?"

ಓದಿರಲಿಲ್ಲ. ಓದುವುದು ಹೇಗೆ? ನಮ್ಮ ನಾಡಿನಲ್ಲಿ ಕಪ್ಪು ಅಂಚಿನ ಆ ಹಾಳೆಯ ಮುಂದೆ ಏನು ಮಾಡಬೇಕೆಂಬುದು ನಡೆಯಲು ಕಲಿತ ಮಗುವಿಗೂ ಗೊತ್ತು. ನಿಲ್ಲಬೇಕು, ಹೆಸರು ಓದಬೇಕು, ಒಂದು ಒಳ್ಳೆಯ ಮಾತು ಹೇಳಿ ಮುಂದೆ ನಡೆಯಬೇಕು. ಅವರೂ ಹಾಗೆಯೇ ಮಾಡಿದ್ದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮತ್ತೆ ಹಣಕ್ಕಾಗಿ ಬರೆದರೆ ಹೆಣದ ಮುಂದೆ ಕೈ ಚಾಚಿದಂತೆ. ಆದರೂ ರಾಲಿತ್ಸಾ ಬರೆದಳು. ಈ ಸಲ ಯಾರೂ ಉತ್ತರಿಸಲಿಲ್ಲ.

ಒಬ್ಬರನ್ನು ಬಿಟ್ಟು. ಶ್ರೀಮತಿ ಬೊಯಾನೊವಾ ಎಂಬ ಸೋಫಿಯಾದ ಹೂಡಿಕೆದಾರರು ಪರದೆಯ ಮೇಲೆ ಮಾತಾಡೋಣ ಎಂದರು. ನಾನು ಶುಭ್ರ ಅಂಗಿ ತೊಟ್ಟು ರಾಲಿತ್ಸಾಳ ಪಕ್ಕ ಕುಳಿತೆ. ಆಕೆ ಎಲ್ಲವನ್ನೂ ಓದಿದ್ದರು.

"ಒಂದೇ ಪ್ರಶ್ನೆ," ಎಂದರು. "ಕೇಳೋಕೆ ನಂಗೂ ಕಷ್ಟ. ಡಾಕ್ಟರು ಆ ದಿನ ಪಟ್ಟಿ ಕಟ್ಕೊಂಡಿದ್ರಾ?"

ನಾನೇ ಹೇಳಿದೆ: "ಇಲ್ಲ ತಾಯಿ. ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಪಟ್ಟಿ ಕೆಟ್ಟಿತ್ತು. ತನ್ನ ಎದೆಯಿಂದ ಬಿಚ್ಚಿ ಆಕೆಗೆ ಕಟ್ಟಿ ಬಂದಿದ್ದ. ಇನ್ನೊಂದು ಮಾಡಿಸೋಕೆ ಹಣ ಇರ್ಲಿಲ್ಲ. ಅದಕ್ಕೇ ತಾನೆ ನಿಮಗೆ ಬರೀತಿದ್ದದ್ದು."

ಆಕೆ ಕಣ್ಣೊರೆಸಿಕೊಂಡರು. ಆದರೂ ಹೇಳಿದರು: "ನಾನು ನಂಬ್ತೀನಿ. ಆದ್ರೆ ಇದು ಬರೀ ನನ್ನ ಹಣ ಅಲ್ಲ, ಬೇರೆಯವರದ್ದೂ ಇದೆ. ಕಟ್ಕೊಂಡಿದ್ರು ಅಂದಿದ್ರೆ ಪಟ್ಟಿ ಕೆಲಸ ಮಾಡಲ್ಲ ಅಂತಿದ್ರು. ಇಲ್ಲ ಅಂದ್ರೆ, ಮಾಡಿದೋರೇ ಕಟ್ಕೊಳ್ಳಲಿಲ್ಲವಲ್ಲ ಅಂತಾರೆ. ಈಗ ಡಾಕ್ಟರೂ ಇಲ್ಲ. ದೊಡ್ಡ ಆಸ್ಪತ್ರೆ ಒಂದರಲ್ಲಿ ಪರೀಕ್ಷೆ ಮಾಡಿಸ್ಕೊಂಡು ಮುಂದಿನ ವರ್ಷ ಬನ್ನಿ."

"ಮುಂದಿನ ವರ್ಷದವರೆಗೆ ಇದು ಉಳಿಯಲ್ಲ ಮೇಡಂ," ಎಂದಳು ರಾಲಿತ್ಸಾ.

"ಗೊತ್ತು ಮಗಳೇ," ಎಂದರು ಆಕೆ. ಪರದೆ ಕಪ್ಪಾಯಿತು.

ಕೆಲಸ ಮಾಡದ ಪಟ್ಟಿಯನ್ನು ಜನರ ಎದೆಯ ಮೇಲೆ ಬಿಡುವುದು ಪಾಪ; ಅದನ್ನು ನಂಬಿ ಕೂರುತ್ತಾರೆ. ತಿಂಗಳು ಮುಗಿಯುವ ಮುನ್ನ ನಾವಿಬ್ಬರೂ ಬೆಟ್ಟ ಹತ್ತಿ ಮನೆಮನೆಗೆ ಹೋಗಿ ಅವನ್ನು ಬಿಚ್ಚಿಸಿ ತಂದೆವು. ಕೆಲವರು ಬೈದರು, ಹೆಚ್ಚಿನವರು ತೆಪ್ಪಗೆ ಕೊಟ್ಟರು. ಕೊನೆಗೆ ಹೋದದ್ದು ಗ್ಯುರ್ಗಾ ಅಜ್ಜಿಯ ಮನೆಗೆ. ತಮ್ಮನ ಪಟ್ಟಿ ಇದ್ದದ್ದು ಆಕೆಯ ಎದೆಯ ಮೇಲೆ.

"ಬರೀ ಕೈಲಿ ಬಂದು ಕಿತ್ಕೊಂಡ್ ಹೋಗೋಕೆ ಬಂದ್ಯೇನೋ, ಚರ್ಚಿನ ಹಾಡುಗಾರ?" ಎಂದಳು. "ನಿನ್ನ ತಮ್ಮ ಬರೋವಾಗ ಸಕ್ಕರೆ ತರ್ತಿದ್ದ."

"ಇನ್ಮೇಲೆ ಅದು ಕೆಲಸ ಮಾಡಲ್ಲ ಅಜ್ಜಿ."

"ಮಾಡ್ದಿದ್ರೆ ಬಿಡು. ಇರ್ಲಿ ಬಿಡೋ. ಕಟ್ಕೊಂಡ್ರೆ ಯಾರೋ ಒಬ್ರು ನನ್ನ ಕೇಳ್ತಿದ್ದಾರೆ ಅನ್ಸತ್ತೆ."

ರಾಲಿತ್ಸಾ ಮೆಲ್ಲಗೆ ಆಕೆಯ ಬೆನ್ನಿನ ಕಡೆಯ ಕೊಂಡಿ ಬಿಚ್ಚಿದಳು. ಪಟ್ಟಿ ಇನ್ನೂ ಬೆಚ್ಚಗಿತ್ತು. ಅಜ್ಜಿ ರವಿಕೆ ಸರಿಮಾಡಿಕೊಂಡು, ಬರಿದಾದ ಎದೆಯ ಮೇಲೆ ಅಂಗೈಯಿಟ್ಟು, "ನಂಗೇನಾದ್ರೂ ಆದ್ರೆ ಯಾರಿಗೆ ಹೇಳ್ಲಿ?" ಎಂದು ಕೇಳಿದಳು. ರಾಲಿತ್ಸಾ ಪಟ್ಟಿಯನ್ನು ಮಡಿಸಿ ಉಳಿದವುಗಳ ಜೊತೆ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ರಾಲಿತ್ಸಾ ದಾರಿಯುದ್ದಕ್ಕೂ ಆ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕುಳಿತಿದ್ದಳು. ಕಂಪನಿ ಮುಚ್ಚಿತು.

ಇಂದು ಅವನ ನಲವತ್ತನೆಯ ದಿನದ ಪೂಜೆ. ಸತ್ತವರ ಹೆಸರಿನಲ್ಲಿ ಹಂಚಲು ಗೋಧಿ ಬೇಯಿಸಿ, ಸಕ್ಕರೆ ಬೆರೆಸಿ ಚರ್ಚಿಗೆ ತಂದಿದ್ದೇನೆ. ಪಾದ್ರಿ ಹೆಸರು ಕೂಗಿದಾಗ ನನಗೆ ಹಾಡಲಾಗಲಿಲ್ಲ. ಮನಸ್ಸಿನಲ್ಲೇ ಬೇಡಿಕೊಂಡೆ.

ಪ್ರಭುವೇ, ನಿನ್ನ ಸೇವಕ ವೆಲಿಸ್ಲಾವ್ ಬಂದಿದ್ದಾನೆ. ಅವನು ತನಗಾಗಿ ಏನನ್ನೂ ಬೇಡಿದವನಲ್ಲ. ಬೇಡಿದ್ದೆಲ್ಲ ಬೆಟ್ಟದ ಮುದುಕರಿಗಾಗಿ. ನಮ್ಮ ಕೈಯಲ್ಲಿ ಆಗಲಿಲ್ಲ, ಇನ್ನು ಅವರನ್ನು ನೀನೇ ನೋಡಿಕೋ. ನಿನ್ನ ಬಗ್ಗೆ ಅವನಾಡಿದ ಹಗುರ ಮಾತುಗಳನ್ನು ಮನ್ನಿಸು. ದಣಿದ ಆ ಎದೆಗೆ ನಿನ್ನ ಬಳಿ ವಿಶ್ರಾಂತಿ ಕೊಡು, ಬೆಳಕು ಕೊಡು, ಶಾಂತಿ ಕೊಡು. ಆಮೆನ್.