ಮೀನಿನ ಗುರುತು

ಬೆಳಗಿನಿಂದ ಲೈಲ್ ಹೌಗನ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಫಿ ಬಗ್ಗಿಸಿಕೊಂಡ, ಕುಡಿಯದೆ ಸಿಂಕಿಗೆ ಸುರಿದ. ಟೋಪಿ ಹಾಕಿಕೊಂಡ, ತೆಗೆದ. ಕಿಟಕಿಯಾಚೆ ತಂಗಿ ಡಾರ್ಲೀನಳ ಅಂಗಳದಲ್ಲಿ ನಾಲ್ಕು ಹೊಸ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹಿಂದೆಯೂ ದನ ತುಂಬಿದ ಉದ್ದನೆಯ ಟ್ರೇಲರ್. ಮೊಂಟಾನಾದ ಆ ಕಣಿವೆಯಲ್ಲಿ ಜೂನ್ ಬಂತೆಂದರೆ ದನಗಳನ್ನು ಘಟ್ಟದಾಚೆಯ ಹುಲ್ಲುಗಾವಲಿಗೆ ಸಾಗಿಸಬೇಕು, ನೆರೆಹೊರೆಯವರೆಲ್ಲ ಒಟ್ಟಿಗೇ ಹೊರಡಬೇಕು.

ತಂಗಿಯೂ ಮೂವರು ನೆರೆಯವರೂ ಆ ನಾಲ್ಕು ಗಾಡಿಗಳನ್ನು ಕೊಂಡದ್ದು ಲೈಲನ ಮಾತಿನ ಮೇಲೆ. ಡನ್‌ವುಡ್ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಊರಿಗೆ ಮರಳಿದವನು ಅವನು. ಹೊಸ ಪಿಕಪ್‌ನ ಬಾನೆಟ್ ಮೇಲೆ ಡನ್‌ವುಡ್ ಹೆಸರಿನ ಫಲಕ ಕಂಡಾಗ ಅವನ ಎದೆ ಉಬ್ಬಿಹೋಗಿತ್ತು. ಕಣ್ಣು ಮುಚ್ಚಿ ತಗೊಳ್ಳಿ ಎಂದು ಚಳಿಗಾಲವಿಡೀ ಕಾಫಿ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದ. ಇವನ ಸರ್ಟಿಫಿಕೇಟು ಯಾರು ಕೇಳಿದ್ದರೋ!

ಕಳೆದ ವಾರ ಡಾರ್ಲೀನ್, ಹೊರೆ ಹೊತ್ತರೆ ಗಾಡಿ ಏರಿನಲ್ಲಿ ನಡುಗುತ್ತದೆ, ಇಳಿಜಾರಿನಲ್ಲಿ ಗೇರು ಹಿಡಿದ ಹಾಗೆ ಮಾಡಿ ಬಿಟ್ಟುಬಿಡುತ್ತದೆ ಎಂದಿದ್ದಳು. ಡನ್‌ವುಡ್ ಹಾಗೆಲ್ಲ ಮಾಡುವುದಿಲ್ಲ, ಓಡಿಸುವವರು ನೆಟ್ಟಗಿರಬೇಕು ಎಂದು ಲೈಲ್ ನಕ್ಕಿದ್ದ. ಆದರೂ ಮನಸ್ಸು ತಡೆಯದೆ ನಿನ್ನೆ ಮಧ್ಯಾಹ್ನ ಅವಳ ಗಾಡಿಯಡಿ ತೂರಿ, ಎಣ್ಣೆ ಬಸಿದು, ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದ.

ಡನ್‌ವುಡ್‌ನಲ್ಲೊಂದು ಪದ್ಧತಿಯಿತ್ತು. ಗೇರಿನ ಪೆಟ್ಟಿಗೆ ಜೋಡಿಸಿದವನು ಅದನ್ನು ಮುಚ್ಚುವ ಮುನ್ನ ಒಳಗೋಡೆಯ ಮೇಲೆ ತನ್ನ ಗುರುತು ಕುಟ್ಟಬೇಕು. ಲೈಲನದು ಪುಟ್ಟ ಮೀನು, ಇನ್ನೊಬ್ಬನದು ನಕ್ಷತ್ರ. ಗಿರಾಕಿಗೆ ಅದು ಕಾಣುವುದಿಲ್ಲ. ಆದರೆ ಪೆಟ್ಟಿಗೆ ಕೆಟ್ಟು ಬಂದರೆ ಯಾರ ಕೈಕೆಲಸವೆಂದು ಇಡೀ ಕಾರ್ಖಾನೆಗೆ ತಿಳಿಯುತ್ತಿತ್ತು. ಟಾರ್ಚ್ ಹಿಡಿದು ಹುಡುಕಿದ. ಮೀನಿಲ್ಲ, ನಕ್ಷತ್ರವಿಲ್ಲ, ಯಾರ ಗುರುತೂ ಇಲ್ಲ. ತಟ್ಟೆಯ ತುಂಬ ಸವೆದು ಉದುರಿದ ಲೋಹದ ಪುಡಿ. ಕಾರ್ಖಾನೆಯ ಹಳೆಯ ಮೇಸ್ತ್ರಿಗೆ ಫೋನ್ ಮಾಡಿದರೆ ಆತ ಆರಾಮವಾಗಿ ಹೇಳಿದ: ಪೆಟ್ಟಿಗೆ ಪಿಕಪ್ ಕಂಪನಿಯದೇ, ಡನ್‌ವುಡ್ ಹೆಸರನ್ನಷ್ಟೇ ಬಾಡಿಗೆಗೆ ಕೊಟ್ಟಿದೆ, ನಿನಗೆ ಗೊತ್ತಿರಲಿಲ್ಲವೇ? ನಾಚಿಕೆಯಿಂದ ಲೈಲನ ಮೈಯೆಲ್ಲ ಉರಿಯಿತು. ಹೊಸ ಎಣ್ಣೆ ತುಂಬಿ ಮುಚ್ಚಿದನೇ ಹೊರತು ತಂಗಿಗೆ ಹೇಳಲು ಬಾಯಿ ಬರಲಿಲ್ಲ.

ಈಗ ಎಂಜಿನ್‌ಗಳು ಶುರುವಾದವು. ಘಟ್ಟದಾಚೆ ಏಳು ಮೈಲಿ ಇಳಿಜಾರು. ಅಷ್ಟು ದನಗಳ ಭಾರದಲ್ಲಿ ಗೇರು ಬಿಟ್ಟುಕೊಂಡರೆ ಬ್ರೇಕೊಂದೇ ಗತಿ. ಅದು ಕಾದು ಕೈಕೊಡಲು ಎಷ್ಟು ಹೊತ್ತು? ಲೈಲ್ ಓಡಿಹೋಗಿ ತನ್ನ ಹಳೇ ಪಿಕಪ್ ಹತ್ತಿದ, ಅದನ್ನು ತಂಗಿಯ ಗೇಟಿಗೆ ಅಡ್ಡ ನಿಲ್ಲಿಸಿ ಕೀಲಿ ಜೇಬಿಗಿಳಿಸಿದ.

ಮುಂದಿನ ಗಾಡಿಯಲ್ಲಿದ್ದ ನೆರೆಯ ವೆಂಡೆಲ್ ಗಾಜು ಇಳಿಸಿದ. “ಏನಯ್ಯಾ ಲೈಲ್, ಬೆಳಿಗ್ಗೆನೇ ಏರಿಸ್ಕೊಂಡ್ಯಾ? ತೆಗಿ ಗಾಡಿ.”

“ಅರ್ಧ ದನ ಇಳಿಸ್ರಪ್ಪ. ಎರಡು ಸಲ ಹೋಗೋಣ. ಆ ಪೆಟ್ಟಿಗೆ ಡನ್‌ವುಡ್‌ದಲ್ಲ. ನಾನು ನೋಡ್ದೇನೇ ಹೇಳ್ಬಿಟ್ಟೆ, ತಪ್ಪು ನಂದು.”

ವೆಂಡೆಲ್ ಬಾನೆಟ್ ಕಡೆ ಬೆರಳು ತೋರಿಸಿ, ಹೆಸರು ಇಲ್ಲೇ ಇದೆ, ಕನ್ನಡಕ ಹಾಕ್ಕೊಂಡು ಓದು ಎಂದ. ಹಿಂದಿನವರಿಬ್ಬರು ನಕ್ಕು ಹಾರ್ನ್ ಬಾರಿಸಿದರು. ಲೈಲನ ಮಾತು ನಂಬಿ ಗಾಡಿ ಕೊಂಡವರು ಇಂದು ಅವನ ಮಾತು ಬಿಟ್ಟು ಫಲಕವನ್ನು ನಂಬಿದ್ದರು. ಅವನು ಜೇಬಿನಲ್ಲಿದ್ದ ಕೀಲಿಯನ್ನು ಮಾತ್ರ ಬಿಡಲಿಲ್ಲ.

ಕೊನೆಯ ಗಾಡಿಯಿಂದ ಡಾರ್ಲೀನ್ ಇಳಿದು ಬಂದಳು. ಅಣ್ಣನ ಎದುರು ನಿಂತಳು.

“ನಿನ್ನೆನೇ ಹೇಳ್ಬೇಕಿತ್ತು ಕಣೋ,” ಎಂದಳು. “ನಾನೇನು ಆ ಹೆಸರು ನೋಡಿ ತಗೊಂಡ್ನಾ? ನೀನು ಹೇಳ್ದೆ ಅಂತ ತಗೊಂಡೆ. ಈಗ ನೀನೇ ಇಳಿಸು ಅಂತೀಯ, ಇಳಿಸ್ತೀನಿ.”

ಹೋಗಿ ತನ್ನ ಟ್ರೇಲರಿನ ಬಾಗಿಲು ತೆಗೆದಳು. ಮೊದಲ ಹಸು ಅನುಮಾನಿಸುತ್ತ ಹಲಗೆಯ ಮೇಲೆ ಕಾಲಿಟ್ಟಿತು. ವೆಂಡೆಲ್ ಇನ್ನೂ ಗೊಣಗುತ್ತಲೇ ಇದ್ದ, ಆದರೆ ಎಂಜಿನ್ ಆರಿಸಿದ.