ಮರುಳಸಿದ್ದಪ್ಪನವರ ಮೌನ

ಮರುಳಸಿದ್ದಪ್ಪನವರು ಶಿವಯೋಗಿಯಾಗಿಬಿಟ್ಟರು ಎಂಬ ಸುದ್ದಿ ಕತ್ರಿಗುಪ್ಪೆಯಲ್ಲಿ ಹಬ್ಬಿದ್ದು ಯುಗಾದಿಯ ಹೊತ್ತಿಗೆ. ಅದಕ್ಕೂ ಮುಂಚೆ ಅವರು ಬರೀ ದಿನಸಿ ಅಂಗಡಿಯ ಯಜಮಾನರು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳ ಮೇಲೆ ರೇಗಿಕೊಂಡೇ ಮನೆ ಕಟ್ಟಿಸಿದವರು, ಮಗಳ ಮದುವೆ ಮಾಡಿದವರು. ತೊಗರಿಬೇಳೆಯಲ್ಲಿ ಕಲ್ಲಿದೆ ಅಂದವರಿಗೆ ಬೇರೆ ಅಂಗಡಿಯ ದಾರಿ ತೋರಿಸುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇದ್ದ ಮನುಷ್ಯ ಇದ್ದಕ್ಕಿದ್ದಂತೆ ತಣ್ಣಗಾದರೆ ಜನ ತಾನೇ ಏನೆಂದುಕೊಳ್ಳಬೇಕು?

ಬೆಳಗಿನ ಲಿಂಗಪೂಜೆಯೇ ಮೊದಲು ಬದಲಾದದ್ದು. ಒಲೆಯ ಮೇಲೆ ಕುಕ್ಕರ್ ಕೂಗುವಷ್ಟರಲ್ಲಿ ಪೂಜೆ ಮುಗಿಸಿ, ತಿಂಡಿ ಎಲ್ಲಿ ಎಂದು ಅದಕ್ಕಿಂತ ಜೋರಾಗಿ ಕೂಗುತ್ತಿದ್ದವರು ಅವರು. ಈಗ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೆಟ್ಟ ನೋಟದಲ್ಲಿ ಕೂತರೆ ಇಡ್ಲಿ ಆರಿ ಕಲ್ಲಾದರೂ ಏಳುತ್ತಿರಲಿಲ್ಲ. ಕೆಲವು ದಿನ ಎದ್ದು ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೆ ವಿಭೂತಿಯಿಂದಲೇ ಪೂಜೆ ಶುರು ಮಾಡುತ್ತಿದ್ದರು. ಹೆಂಡತಿ ಉಮಾಮಹೇಶ್ವರಿಗೆ ಹೆಮ್ಮೆಯೋ ಹೆಮ್ಮೆ. ಅಕ್ಕಪಕ್ಕದವರು ಹಣ್ಣು ತಂದು ಕಾಲಿಗೆರಗತೊಡಗಿದರು. ಮರುಳಸಿದ್ದಪ್ಪನವರು ತುಟಿ ಪಿಟಕ್ಕೆನ್ನದೆ ಅವರ ತಲೆಯ ಮೇಲೆ ಕೈ ಇಡುತ್ತಿದ್ದರು. ಆ ಮೌನದಿಂದಲೇ ತಮ್ಮ ಮಂಡಿನೋವು ಇಳಿಯಿತು ಅಂದವರೂ ಉಂಟು.

ಒಂದು ಸೋಮವಾರ ಉಮಾಮಹೇಶ್ವರಿಯೂ ಗಂಡನ ಕಾಲಿಗೆ ನಮಸ್ಕಾರ ಮಾಡಿ ತಲೆ ಎತ್ತಿದರು. ಅವರು ಬಾಗಿಲಿಗೆ ಬಂದ ಯಾರೋ ಹೆಂಗಸನ್ನು ನೋಡುವ ಹಾಗೆ ಈಕೆಯನ್ನು ನೋಡಿದರು. ವೈರಾಗ್ಯ ಎಂದರೆ ಇದೇ ಇರಬೇಕು ಎಂದು ಉಮಾಮಹೇಶ್ವರಿ ಮನಸ್ಸಿಗೆ ಹೇಳಿಕೊಂಡರೂ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಶಿವನಿಗೆ ಭಕ್ತ ಸಿಕ್ಕಿರಬಹುದು, ಆದರೆ ಅವರಿಗೆ ಬೇಕಾಗಿದ್ದುದು ರೇಗುವ ಆ ಗಂಡ.

ಮಗಳು ಲಿಖಿತಾ ಜೆ.ಪಿ. ನಗರದಿಂದ ಬಂದವಳು ಅಪ್ಪನನ್ನು ದಿಟ್ಟಿಸಿ ನೋಡಿದಳು. ಚಪ್ಪಲಿ ಅದಲುಬದಲಾಗಿತ್ತು, ನಡೆಯುವಾಗ ಬಲಗಾಲು ನೆಲಕ್ಕೆ ಉಜ್ಜುತ್ತಿತ್ತು.

"ಅಮ್ಮ, ಇದು ಭಕ್ತಿ ಅಲ್ಲ. ಅಪ್ಪಂಗೆ ಏನೋ ಆಗಿದೆ."

ಉಮಾಮಹೇಶ್ವರಿ ಮಗಳ ಮೇಲೆ ಹರಿಹಾಯ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಲಿಂಗಾಂಗಯೋಗದ ಬಗ್ಗೆ ಏನು ಗೊತ್ತು ಎಂದರು. ಬೈದು ಬೈದು ಸುಸ್ತಾಗಿ, ಕೊನೆಗೆ ತಾವೇ ಆಟೋ ಕರೆಯಲು ಹೇಳಿದರು. ಅಳು ನುಂಗಿಕೊಂಡವರಿಗೆ ಎಷ್ಟು ಹೊತ್ತು ಜಗಳವಾಡುವ ಶಕ್ತಿ ಇದ್ದೀತು?

ಜಯನಗರದ ನರರೋಗ ವೈದ್ಯ ವಿಶ್ರುತ್ ಇನ್ನೂ ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ಇವತ್ತು ಯಾವ ವಾರ ಎಂದು ಕೇಳಿದಾಗ ಮರುಳಸಿದ್ದಪ್ಪನವರು ಮುಗುಳ್ನಕ್ಕರು. ಪಕ್ಕದಲ್ಲಿ ಕೂತಿರುವವರು ಯಾರು ಎಂದು ಕೇಳಿದಾಗ ಬಹಳ ಹೊತ್ತು ಯೋಚಿಸಿ "ಶಿವ" ಅಂದರು. ಕಾಯಿಲೆಯಲ್ಲ, ಯೋಗವೇ ಎಂದು ಉಮಾಮಹೇಶ್ವರಿಗೆ ಮತ್ತೆ ಆಸೆ ಚಿಗುರಿತು. ವೈದ್ಯರು ಮಾತ್ರ ಅವತ್ತೇ ತಲೆಯ ಎಂ.ಆರ್.ಐ. ಮಾಡಿಸಿ ಎಂದು ಚೀಟಿ ಬರೆದರು.

ಸ್ಕ್ಯಾನಿಂಗ್ ಸೆಂಟರಿನ ಹುಡುಗಿ, ಮೈಮೇಲೆ ಲೋಹದ ಚೂರೂ ಇರಬಾರದು, ಒಳಗಿರುವುದು ಭಾರಿ ಅಯಸ್ಕಾಂತ ಎಂದು ವಿವರಿಸಿದಳು. ವಾಚು, ಉಂಗುರ, ಉಡುದಾರ ಎಲ್ಲ ಬಂತು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಗೆ ಅವಳು ಬೆರಳು ತೋರಿಸಿದ್ದೇ ತಡ, ಮರುಳಸಿದ್ದಪ್ಪನವರು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡರು. ದೀಕ್ಷೆಯಾದ ದಿನದಿಂದ ಅವರ ಮೈ ಬಿಟ್ಟು ಅಗಲದ ಲಿಂಗ ಅದು. ಸ್ನಾನಕ್ಕೂ ಇಲ್ಲ, ನಿದ್ದೆಗೂ ಇಲ್ಲ. ಹೆಂಡತಿಯ ಗುರುತು ಸಿಗದ ಮನುಷ್ಯನಿಗೆ ಇದೊಂದು ಮರೆತಿರಲಿಲ್ಲ. ಲಿಖಿತಾ ಗೋಗರೆದಳು, ಹುಡುಗಿ ಗಡಿಯಾರ ನೋಡಿದಳು. ಏನು ಹೇಳಿದರೂ ಹಿಡಿತ ಸಡಿಲವಾಗಲಿಲ್ಲ.

ಉಮಾಮಹೇಶ್ವರಿ ಗಂಡನ ಎದುರು ಹೋಗಿ ನಿಂತರು. ಏನೂ ಹೇಳದೆ ತಮ್ಮ ಎಡ ಅಂಗೈಯನ್ನು ಪೂಜೆಯಲ್ಲಿ ಹಿಡಿಯುವ ಹಾಗೆ ಹಿಡಿದರು. ಮರುಳಸಿದ್ದಪ್ಪನವರು ಆ ಅಂಗೈಯನ್ನೇ ನೋಡಿದರು. ಆಮೇಲೆ ತಾವೇ ಕೊರಳಿನಿಂದ ಶಿವದಾರ ತೆಗೆದು ಕರಡಿಗೆಯನ್ನು ಅದರ ಮೇಲಿಟ್ಟರು.

ಬಾಗಿಲು ಮುಚ್ಚಿತು. ಒಳಗಿನಿಂದ ರಸ್ತೆ ಅಗೆಯುವಂಥ ಸದ್ದು ಶುರುವಾಯಿತು. ಉಮಾಮಹೇಶ್ವರಿ ಹೊರಗಿನ ಕುರ್ಚಿಯಲ್ಲಿ ಅಂಗೈ ಮಡಚದೆ ಕೂತರು. ತಮ್ಮ ಲಿಂಗ ತಮ್ಮ ಕೊರಳಿನಲ್ಲಿತ್ತು, ಗಂಡನದು ಕೈಯಲ್ಲಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ. ಬೆಳ್ಳಿಯಲ್ಲಿ ಇನ್ನೂ ಗಂಡನ ಎದೆಯ ಬಿಸಿ ಇತ್ತು. ಅವರ ಪ್ರಾಣವೇ ತನ್ನ ಕೈಯಲ್ಲಿದೆ ಅನ್ನಿಸಿತು. ಬಿಸಿ ಆರದಿರಲಿ ಎಂದು ಬಲಗೈಯನ್ನು ಅದರ ಮೇಲೆ ಮುಚ್ಚಿದರು.

ಸಂಜೆ ವಿಶ್ರುತ್ ತಾಯಿ ಮಗಳಿಬ್ಬರನ್ನೂ ಪರದೆಯ ಮುಂದೆ ಕೂರಿಸಿಕೊಂಡರು. ಮರುಳಸಿದ್ದಪ್ಪನವರು ಹೊರಗೆ ಬೆಂಚಿನ ಮೇಲೆ ಮೌನವಾಗಿದ್ದರು. ವೈದ್ಯರು ಬೆರಳಾಡಿಸಿದಂತೆ ತಲೆಯ ಚಿತ್ರ ಪದರ ಪದರವಾಗಿ ತೆರೆಯುತ್ತಾ ಹೋಯಿತು. ಕತ್ತಿ ತಾಗಿಸಿರಲಿಲ್ಲ, ಒಂದು ತೊಟ್ಟು ರಕ್ತ ಬಂದಿರಲಿಲ್ಲ. ಆದರೂ ಕಣ್ಣಗುಳಿ, ಮೂಳೆಯ ಗೋಡೆ, ಅದರೊಳಗೆ ಒಡೆದ ಅಕ್ರೋಟಿನ ತಿರುಳಿನಂಥ ಮಡಿಕೆ ಮಡಿಕೆಯ ಮೆದುಳು ಎಲ್ಲವೂ ಕಾಣುತ್ತಿತ್ತು. ಆ ಮನುಷ್ಯನ ಸಿಟ್ಟು, ಲೆಕ್ಕ, ಮಗಳ ಹೆಸರು, ತನ್ನ ಮುಖ ಎಲ್ಲ ಇದ್ದದ್ದು ಇದರಲ್ಲೇ ಎಂದು ಉಮಾಮಹೇಶ್ವರಿ ಉಸಿರು ಬಿಗಿಹಿಡಿದು ನೋಡಿದರು.

"ಇಲ್ನೋಡಿ ಅಮ್ಮ," ಎಂದರು ವೈದ್ಯರು. ಎಡಭಾಗದಲ್ಲಿ ಮೂಳೆಗೂ ಮೆದುಳಿಗೂ ನಡುವೆ ಬೆಳ್ಳಗೆ ಒಂದು ದಪ್ಪ ಪಟ್ಟಿ. ಅದರ ಒತ್ತಡಕ್ಕೆ ಮೆದುಳು ಚಪ್ಪಟೆಯಾಗಿ ಇನ್ನೊಂದು ಬದಿಗೆ ಸರಿದಿತ್ತು. ನಡುವಿನ ಗೆರೆ ಡೊಂಕಾಗಿತ್ತು. ಅದು ಹಳೆಯ ರಕ್ತ, ಮೆದುಳಿನ ಎಡಭಾಗವನ್ನು ಒತ್ತುತ್ತಿರುವುದರಿಂದಲೇ ಬಲಗಾಲು ಎಳೆಯುತ್ತಿದೆ ಎಂದು ವಿವರಿಸಿ, ತಲೆಗೆ ಪೆಟ್ಟೇನಾದರೂ ಬಿದ್ದಿತ್ತೆ ಎಂದು ಕೇಳಿದರು.

ಇಲ್ಲ ಎಂದೇ ಉಮಾಮಹೇಶ್ವರಿ ತಲೆಯಾಡಿಸಿದರು. ಆಮೇಲೆ ನೆನಪಾಯಿತು. ಶಿವರಾತ್ರಿಗೆ ಮುಂಚೆ ಅರ್ಧ ಎಳೆದ ಅಂಗಡಿಯ ಶಟರ್ ಕೆಳಗೆ ಬಗ್ಗಿ ಬರುವಾಗ ಗಂಡ ಬೇಗ ತಲೆ ಎತ್ತಿ ಬಡಿಸಿಕೊಂಡಿದ್ದರು. ಗಾಯವಿಲ್ಲ, ಬುಗುಟೂ ಇಲ್ಲ. ಶಟರಿಗೂ ಬೈದರಲ್ಲ ಎಂದು ತಾವು ನಕ್ಕಿದ್ದರು.

ಅಷ್ಟೇ ಸಾಕು ಎಂದರು ವೈದ್ಯರು. ವಯಸ್ಸಾದವರಲ್ಲಿ ಸಣ್ಣದೊಂದು ನಾಳ ಹರಿದು ವಾರಗಟ್ಟಲೆ ತೊಟ್ಟು ತೊಟ್ಟಾಗಿ ಒಸರಿದರೆ ಹೊರಗಿನವರಿಗೆ ಅದು ಮರೆವಿನಂತೆ, ಮಂಕಿನಂತೆ ಕಾಣುತ್ತದೆ. ಶಿವಯೋಗದಂತೆಯೂ ಕಾಣುತ್ತದೆಂದು ವೈದ್ಯರಿಗೆ ಗೊತ್ತಿರಲಿಲ್ಲ, ಉಮಾಮಹೇಶ್ವರಿ ಹೇಳಲೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಬುರುಡೆಯೊಳಗಿನ ಹುಣ್ಣಿಗೆ ಬೇಕೇ ಬೇಕಲ್ಲ.

"ವಾಪಸ್ ಬರ್ತಾರಾ ಡಾಕ್ಟ್ರೇ?"

"ಮೆದುಳು ಹಾಳಾಗಿಲ್ಲಮ್ಮ, ಒತ್ತಿಕೊಂಡಿದೆ ಅಷ್ಟೆ. ರಕ್ತ ತೆಗೆದ್ರೆ ಬರ್ತಾರೆ ಅಂತ ನನ್ನ ನಂಬಿಕೆ."

ಉಮಾಮಹೇಶ್ವರಿ ಮತ್ತೆ ಪರದೆಯ ಕಡೆ ತಿರುಗಿದರು. ಹಾಗಾದರೆ ಗಂಡ ತಮ್ಮನ್ನು ಕೈಬಿಟ್ಟು ಹೋಗಿರಲಿಲ್ಲ. ಆ ಬಿಳಿ ಪಟ್ಟಿಯ ಹಿಂದೆ, ಗೋಡೆಗೆ ಒತ್ತಿಕೊಂಡು, ಇಷ್ಟು ದಿನವೂ ಅಲ್ಲೇ ಇದ್ದರು. ಎಷ್ಟೋ ದೇವಸ್ಥಾನಗಳಲ್ಲಿ ಉಮಾಮಹೇಶ್ವರಿ ಅಭ್ಯಾಸಬಲದಿಂದ ಕೈ ಮುಗಿದಿದ್ದರು. ಅವತ್ತು ಆ ಕಪ್ಪುಬಿಳುಪಿನ ಚಿತ್ರಕ್ಕೆ ಕೈ ಮುಗಿದದ್ದು ಮಾತ್ರ ಅವರಿಗೇ ಗೊತ್ತಾಗಲಿಲ್ಲ. ಲಿಖಿತಾ ಅಮ್ಮನ ಹೆಗಲು ಹಿಡಿದುಕೊಂಡಳು.

ಮರುದಿನ ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು ಕಪ್ಪಾದ ರಕ್ತವನ್ನೆಲ್ಲ ಹೊರಗೆ ಬಿಟ್ಟರು. ಎರಡು ದಿನ ಮರುಳಸಿದ್ದಪ್ಪನವರು ಮಂಪರಿನಲ್ಲಿದ್ದರು. ಮೂರನೆಯ ಬೆಳಗ್ಗೆ ಒಂದು ಗುಟುಕು ಕುಡಿದವರೇ, ಇದನ್ನು ಕಾಫಿ ಅಂತ ಕರೆದವನು ಯಾವನು ಎಂದು ನರ್ಸಿನ ಮೇಲೆ ರೇಗಿದರು. ಉಮಾಮಹೇಶ್ವರಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕತ್ರಿಗುಪ್ಪೆಯ ಭಕ್ತರಿಗೆ ಮಾತ್ರ ಸ್ವಲ್ಪ ನಿರಾಸೆಯೇ. ಮಂಡಿನೋವು ಇಳಿದಿತ್ತು ಅಂದವರಿಗೆ ಅದು ಮತ್ತೆ ಶುರುವಾಯಿತಂತೆ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಜಗುಲಿಯಲ್ಲಿ ಕೂತಿದ್ದ ಮರುಳಸಿದ್ದಪ್ಪನವರು ಬೋಳಿಸಿದ ತಲೆ ಸವರಿಕೊಳ್ಳುತ್ತಾ ಬೀದಿಯನ್ನೇ ನೋಡುತ್ತಿದ್ದರು. ಶಿವರಾತ್ರಿಯಿಂದ ಆಪರೇಷನ್ನಿನವರೆಗೆ ನಡೆದ ಏನೊಂದೂ ಅವರಿಗೆ ನೆನಪಿರಲಿಲ್ಲ. ಅಷ್ಟು ದೊಡ್ಡ ಬಾಯಿಯ ಮನುಷ್ಯ ಮೊದಲ ಸಲ ಹೆದರಿದ ದನಿಯಲ್ಲಿ ಕೇಳಿದರು.

"ಇಷ್ಟು ದಿನ ನಾನು ಎಲ್ಲಿಗೆ ಹೋಗ್ಬಿಟ್ಟಿದ್ದೆನೇ?"

ಉಮಾಮಹೇಶ್ವರಿ ಬಿಡಿಸುತ್ತಿದ್ದ ಬೆಳ್ಳುಳ್ಳಿ ಬದಿಗಿಟ್ಟು ಅವರ ಪಕ್ಕ ಬಂದು ಕೂತರು.

"ಎಲ್ಲೂ ಹೋಗಿರ್ಲಿಲ್ಲ ರೀ. ಒಳಗೇ ಇದ್ರಿ. ನಾನೇ ಕಣ್ಣಾರೆ ನೋಡಿದೀನಿ."